ಬಾಳೆಕಾಯಿ ಬೇರೆ, ಹಣ್ಣಾಗದ ಬಾಳೆಹಣ್ಣು ಬೇರೆ

ಪುಷ್ಯ ಮಾಸದಲ್ಲಿ ಬಾದಾಮಿಯ ಬನಶಂಕರಿ ತೇರಿನ ಹಿಂದಿನ ದಿನ ಪಲ್ಯದ ಹಬ್ಬ. ಬನಶಂಕರಿಗೆ ಶಾಕಾಂಬರಿ ಅನ್ನುವ ಹೆಸರೂ ಇದೆ. ಕಾಯಿಪಲ್ಯದಿಂದಲೇ ಲೋಕವನ್ನು ಸಲಹಿದ ತಾಯಿ ಆಕೆ. ತರಕಾರಿಗಳಿಂದ ಮಾಡಿದ 108 ಬಗೆಯ ಅಡುಗೆ ಆ ದಿನ ಆಕೆಗೆ ನೈವೇದ್ಯ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಮನೆಯಲ್ಲಿ ಅಷ್ಟೆಲ್ಲ ಆಗುವುದಿಲ್ಲ. ಐದಾರು ಪಲ್ಯ ಮಾಡಿ ಎಡೆ ಹಿಡಿಯುತ್ತೇವೆ.

ಅದರಲ್ಲಿ ಬಾಳೆಕಾಯಿ ಪಲ್ಯ ಒಂದು. ಹೋದ ಸಲ ಅದನ್ನು ನಾನು ಮಾಡಿದ್ದೆ. ಸಂತೆಯಿಂದ ಹಸಿರಾಗಿ, ಉದ್ದಕ್ಕೆ, ನೋಡೋಕೆ ಚೆಂದ ಇದ್ದ ಕಾಯಿ ತಂದಿದ್ದೆ. ಒಗ್ಗರಣೆಗೆ ಹಾಕಿದ ಹತ್ತು ನಿಮಿಷಕ್ಕೆ ಅರ್ಧ ಕರಗಿ ಮುದ್ದೆಯಾಯಿತು. ಬಾಯಿಗಿಟ್ಟರೆ ಸಣ್ಣಗೆ ಸಿಹಿ. ಖಾರದ ಪಲ್ಯಕ್ಕೆ ಆ ಸಿಹಿ ಹೊಂದಲೇ ಇಲ್ಲ. ಅತ್ತೆ ಒಂದು ತುತ್ತು ತಿಂದು ಹೇಳಿದರು: “ಇದು ಬಾಳಿಕಾಯಿ ಅಲ್ಲವಾ ತಂಗಿ. ಹಣ್ಣಾಗದ ಬಾಳಿಹಣ್ಣ ಇದು.”

ಎರಡೂ ಒಂದೇ ಅಲ್ವಾ ಅಂತ ಆಗ ಅನಿಸಿತ್ತು. ಹಣ್ಣಾಗುವ ಮೊದಲು ಎಲ್ಲವೂ ಕಾಯಿಯೇ ತಾನೆ? ಮಾವಿನಕಾಯಿ ಮಾವಿನಹಣ್ಣು ಆದ ಹಾಗೆ. ಆದರೆ ಅತ್ತೆ ಹೇಳಿದ್ದು ಅಕ್ಷರಶಃ ನಿಜ. ತಿನ್ನುವ ಬಾಳೆಯ ಬಳಗ ಬೇರೆ, ಬೇಯಿಸುವ ಬಾಳೆಯ ಬಳಗ ಬೇರೆ. ಈ ವ್ಯತ್ಯಾಸ ಒಮ್ಮೆ ಗೊತ್ತಾದರೆ ಪಲ್ಯ ಯಾಕೆ ಕರಗಿತು, ಕೈ ಯಾಕೆ ಕಪ್ಪಾಯಿತು, ನಮ್ಮ ಬಿಸಿಲ ನಾಡಿನ ಹಿತ್ತಲಿಗೆ ಯಾವ ಬಾಳೆ ಒಗ್ಗುತ್ತದೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಉಳ್ಳಾಗಡ್ಡಿಯಂಥ ಕಾಂಡ

ಮೊದಲು ಗಿಡದ ಮಾತು. ನಮ್ಮ ಕಡೆ ಬೇವಿನ ಮರಕ್ಕೂ ಬೇವಿನ ಗಿಡ ಅಂತಲೇ ಅನ್ನುತ್ತೇವೆ. ಹಾಗಾಗಿ ಬಾಳೆ ಗಿಡ ಅನ್ನುವುದು ನಮಗೆ ಸಹಜ. ಬೇರೆ ಕಡೆ ಬಾಳೆ ಮರ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಮರವೇ ಅಲ್ಲ. ಅದರಲ್ಲಿ ಕಟ್ಟಿಗೆ ಇಲ್ಲ. ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಬೆಳೆದರೂ ಬಾಳೆ ಒಂದು ದೊಡ್ಡ ಮೆತ್ತನೆಯ ಸಸ್ಯ. ಅರಿಸಿನ, ಶುಂಠಿ ಅದರ ದೂರದ ನೆಂಟರು. ತೇರದಾಳ, ರಬಕವಿ ಕಡೆಯ ಅರಿಸಿನದ ಹೊಲ ನೋಡಿದವರಿಗೆ ಆ ಹೋಲಿಕೆ ಎಲೆಯಲ್ಲೇ ಕಾಣುತ್ತದೆ.

ಹಾಗಾದರೆ ದಪ್ಪಗೆ ನಿಂತಿರುವ ಆ ಕಂಬ ಏನು? ಉಳ್ಳಾಗಡ್ಡಿ ಸುಲಿದು ನೋಡಿ. ಒಂದರೊಳಗೆ ಒಂದು ಪದರ. ಬಾಳೆಯ ಕಂಬವೂ ಹಾಗೇ. ಅದು ಎಲೆಗಳ ಬುಡ. ಒಂದು ಎಲೆಯ ಬುಡದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಬಿಗಿಯಾಗಿ ಸುತ್ತಿಕೊಂಡು ಕಂಬದ ಹಾಗೆ ನಿಂತಿರುತ್ತದೆ. ಪದರ ಪದರ ಬಿಡಿಸುತ್ತ ಹೋದರೆ ಎಲೆಬುಡಗಳೇ ಸಿಗುತ್ತವೆ. ಒಳಗೆ ಬರೀ ನೀರು, ಗಾಳಿಗೂಡುಗಳು. ಅದಕ್ಕೇ ಕುಡುಗೋಲಿನ ಒಂದೇ ಏಟಿಗೆ ಬಾಳೆ ಉರುಳುತ್ತದೆ. ವೈಶಾಖದ ಬಿರುಗಾಳಿ ಮಳೆಗೆ ಗೊನೆ ಹೊತ್ತ ಗಿಡ ಮಗುಚುವುದೂ ಅದಕ್ಕೇ.

ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಬೆಳೆಯುವ ತುದಿ ತಿಂಗಳುಗಟ್ಟಲೆ ನೆಲದ ಮಟ್ಟದಲ್ಲೇ ಕೂತಿರುತ್ತದೆ. ಅಲ್ಲಿಂದ ಎಲೆಗಳನ್ನು ಮಾತ್ರ ಮೇಲೆ ಕಳಿಸುತ್ತದೆ. ಸೆಕೆ ಇರುವಾಗ ವಾರ ಹತ್ತು ದಿನಕ್ಕೊಂದು ಸುಳಿ ಬಿಚ್ಚುತ್ತದೆ. ಮೂವತ್ತು ನಲವತ್ತು ಎಲೆ ಬಿಟ್ಟ ಮೇಲೆ ಆ ತುದಿ ಹೂವಾಗಿ ಬದಲಾಗುತ್ತದೆ. ಆ ಹೂವಿನ ದಂಟು ಕಂಬದ ನಟ್ಟನಡುವೆ ಏರಿ ಬಂದು ನೆತ್ತಿಯಲ್ಲಿ ಹೊರಗೆ ಬೀಳುತ್ತದೆ. ಬಾಳೆದಿಂಡು ಅಂತ ಪಲ್ಯ, ಕೋಸಂಬರಿ ಮಾಡುತ್ತೇವಲ್ಲ, ಆ ಬಿಳಿ ಕೋಲು ಇದೇ. ಇನ್ನೂ ಹೂವಿಗೆ ಬಾರದ ಬಾಳೆ ಕಡಿದರೆ ಒಳಗೆ ದಿಂಡು ಸಿಗುವುದಿಲ್ಲ, ಸುರುಳಿ ಎಲೆಗಳಷ್ಟೇ ಸಿಗುತ್ತವೆ. ದಸರೆಗೆ ಬಾಗಿಲಿಗೆ ಕಟ್ಟಿದ ಎಳೆಯ ಬಾಳೆಕಂಬವನ್ನು ಮರುದಿನ ಸೀಳಿ ನೋಡಿ, ಗೊತ್ತಾಗುತ್ತದೆ.

ಬಾಳೆ ಒಂದೇ ಗೊನೆ ಕೊಟ್ಟು ಸಾಯುವುದು ಇದೇ ಕಾರಣಕ್ಕೆ. ಬೆಳೆಯುವ ತುದಿಯೇ ಹೂವಾಗಿ ಹೋಯಿತು. ಇನ್ನು ಹೊಸ ಎಲೆ ಬಿಡುವವರು ಯಾರು? ಆದರೆ ಗಡ್ಡೆ ಸಾಯುವುದಿಲ್ಲ. ಅದರ ಪಕ್ಕದ ಕಣ್ಣುಗಳಿಂದ ಕಂದುಗಳು ಎದ್ದಿರುತ್ತವೆ. ತಾಯಿ ಹೋದ ಜಾಗಕ್ಕೆ ಮಗಳು ಬರುತ್ತಾಳೆ.

ಮೂರು ಎತ್ತಿನ ಲೆಕ್ಕ

ಕಾಡು ಬಾಳೆಯ ಹಣ್ಣಿನಲ್ಲಿ ತಿರುಳಿಗಿಂತ ಬೀಜವೇ ಜಾಸ್ತಿ. ಕರಿ ಕಲ್ಲಿನಂಥ ಗಟ್ಟಿ ಬೀಜಗಳು. ನಾವು ತಿನ್ನುವ ಬಾಳೆಗಳೆಲ್ಲ ಹೆಚ್ಚಾಗಿ ಎರಡು ಕಾಡು ಬಾಳೆಗಳ ಸಂತಾನ. ಒಂದರ ಹೆಸರು ಮ್ಯೂಸಾ ಅಕ್ಯುಮಿನಾಟಾ. ಆಗ್ನೇಯ ಏಷ್ಯಾದ ತೇವದ ಕಾಡುಗಳದ್ದು. ಇನ್ನೊಂದು ಮ್ಯೂಸಾ ಬಾಲ್ಬಿಸಿಯಾನಾ. ಇದು ಇನ್ನೂ ಗಟ್ಟಿ ಜೀವ, ನೀರಿನ ಕೊರತೆಯನ್ನು ಹೆಚ್ಚು ತಾಳುತ್ತದೆ. ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ಬಿ ಅಂತ ಗುರುತು ಇಟ್ಟಿದ್ದಾರೆ. ಮನುಷ್ಯರು ಬಾಳೆ ಬೆಳೆಸಲು ಶುರು ಮಾಡಿ ಆರೂವರೆ ಸಾವಿರ ವರ್ಷಕ್ಕೂ ಮೇಲಾಯಿತು. ನ್ಯೂಗಿನಿ ದ್ವೀಪದ ಕುಕ್ ಅನ್ನುವ ಜೌಗು ನೆಲದಲ್ಲಿ ಅದರ ಹಳೆಯ ಕುರುಹು ಸಿಕ್ಕಿದೆ.

ಈ ಎರಡು ಬಳಗದಿಂದ ಹುಟ್ಟಿದ ಮಕ್ಕಳಲ್ಲಿ ಬಹಳಷ್ಟಕ್ಕೆ ವರ್ಣತಂತುಗಳ, ಅಂದರೆ ತಾಯಿ ತಂದೆಯ ಗುಣ ಹೊತ್ತು ತರುವ ಎಳೆಗಳ, ಎರಡು ಸೆಟ್ ಬದಲು ಮೂರು ಸೆಟ್ ಬಂದವು. ಒಂದು ಸೆಟ್‌ಗೆ 11, ಒಟ್ಟು 33. ಬೀಜ ಆಗಬೇಕಾದರೆ ಈ ತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಎರಡೆತ್ತಿನ ನೊಗಕ್ಕೆ ಮೂರು ಎತ್ತು ತಂದರೆ ಬಂಡಿ ಹೂಡುವುದು ಹೇಗೆ? ಒಂದು ಎತ್ತು ಹೊರಗೇ ಉಳಿಯುತ್ತದೆ. ಬಾಳೆಯಲ್ಲೂ ಹೀಗೇ ಜೋಡಿ ತಪ್ಪಿ ಬೀಜ ಕಟ್ಟುವುದಿಲ್ಲ. ಪರಾಗ ಬೀಳದಿದ್ದರೂ ಕಾಯಿ ಉಬ್ಬುವ ಗುಣ ಮಾತ್ರ ಅದಕ್ಕಿದೆ. ಹಣ್ಣಿನ ನಡುವೆ ಕಾಣುವ ಸಣ್ಣ ಕರಿ ಚುಕ್ಕೆಗಳು ಬೀಜವಾಗದೆ ಉಳಿದವು.

ಈಗ ಬಳಗ ನೋಡೋಣ. ನಮ್ಮ ತೋಟಗಳಲ್ಲಿ ಜಾಸ್ತಿ ಕಾಣುವ ಜಿ-9 ಬಾಳೆ ಕ್ಯಾವೆಂಡಿಷ್ ಗುಂಪಿನದು. ಅದರ ಮೂರು ಸೆಟ್ಟೂ ಎ. ಪೂರ್ತಿ ಸಿಹಿಯ ಕಡೆ. ಏಲಕ್ಕಿ ಬಾಳೆಯಲ್ಲಿ ಒಂದು ಎ, ಒಂದು ಬಿ. ಕೇರಳದ ನೇಂದ್ರ ಬಾಳೆಯಲ್ಲಿ ಎರಡು ಎ, ಒಂದು ಬಿ. ಇಂಗ್ಲಿಷಿನಲ್ಲಿ ಪ್ಲಾಂಟೇನ್ ಅಂತ ಖಚಿತವಾಗಿ ಕರೆಯುವುದು ನೇಂದ್ರದ ಬಳಗವನ್ನೇ. ಪಶ್ಚಿಮ ಆಫ್ರಿಕಾದಲ್ಲಿ ಇದು ಕೋಟ್ಯಂತರ ಜನರ ದಿನದ ಊಟ. ನಮಗೆ ರೊಟ್ಟಿ ಇದ್ದ ಹಾಗೆ ಅವರಿಗೆ ಅದು. ಇನ್ನು ಮೊಂಥನ್, ಬೂದಿ ಬಾಳೆ ಥರದ ದಪ್ಪ ಸಿಪ್ಪೆಯ, ಏಣುಗಳಿರುವ ಕಾಯಿಗಳಲ್ಲಿ ಒಂದು ಎ, ಎರಡು ಬಿ. ಇವು ಗಟ್ಟಿ ಕಡೆಯವು. ಪಲ್ಯ, ಭಜಿಗೆ ಅಂತಲೇ ಹುಟ್ಟಿದ ಹಾಗಿವೆ.

ಆದರೆ ಬರೀ ಅಕ್ಷರ ನೋಡಿ ತೀರ್ಮಾನ ಮಾಡಬಾರದು. ನಂಜನಗೂಡು ರಸಬಾಳೆಯಲ್ಲೂ ಎರಡು ಎ, ಒಂದು ಬಿ ಇದೆ. ಅದನ್ನು ಯಾರೂ ಪಲ್ಯ ಮಾಡುವುದಿಲ್ಲ. ಅಂದರೆ ಬಿ ಇದ್ದ ಮಾತ್ರಕ್ಕೆ ಬೇಯಿಸುವ ಬಾಳೆ ಆಗುವುದಿಲ್ಲ. ಹೆಸರಿನ ಗೊಂದಲವೂ ಹಳೆಯದು. ಗಿಡಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ ಬೇಯಿಸುವ ಬಾಳೆಗೆ ಮ್ಯೂಸಾ ಪ್ಯಾರಡಿಸಿಯಾಕಾ ಅಂತ ಹೆಸರಿಟ್ಟ. 1759ರಲ್ಲಿ ಸಿಹಿ ಬಾಳೆಗೆ ಇನ್ನೊಂದು ಹೆಸರು ಕೊಟ್ಟ. ಎರಡೂ ಪ್ರತ್ಯೇಕ ಜಾತಿಗಳಲ್ಲ, ಎರಡೂ ಮಿಶ್ರ ತಳಿಗಳು ಅಂತ ಬಹಳ ಕಾಲದ ಮೇಲೆ ಗೊತ್ತಾಯಿತು. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಅನ್ನುವ ಇಬ್ಬರು 15 ಲಕ್ಷಣಗಳಿಗೆ ಅಂಕ ಕೊಟ್ಟು ಬಾಳೆಗಳನ್ನು ವಿಂಗಡಿಸಿದರು. ಪೂರ್ತಿ ಎ ಆದರೆ 15 ಅಂಕ, ಪೂರ್ತಿ ಬಿ ಆದರೆ 75.

ಆ 15ರಲ್ಲಿ ಎರಡನ್ನು ನೀವೇ ಹಿತ್ತಲಲ್ಲಿ ನೋಡಬಹುದು. ಎಲೆಯ ತೊಟ್ಟಿನ ಮೇಲೆ ಕಾಲುವೆಯಂಥ ಗೀರು ಇರುತ್ತದೆ. ಅದರ ಅಂಚುಗಳು ಅಗಲವಾಗಿ ತೆರೆದಿದ್ದರೆ ಎ ಕಡೆ. ಎರಡೂ ಅಂಚು ಒಳಗೆ ಬಾಗಿ ಮುಚ್ಚಿಕೊಂಡಿದ್ದರೆ ಬಿ ಕಡೆ. ಕಂಬದ ಮೇಲೆ ಕಂದು, ಕಪ್ಪು ಮಚ್ಚೆ ಜಾಸ್ತಿ ಇದ್ದರೆ ಎ, ಮಚ್ಚೆ ಇಲ್ಲದೆ ತಿಳಿಯಾಗಿದ್ದರೆ ಬಿ. ಇದನ್ನು ಓದಿದ ದಿನವೇ ನಾನು ಓಣಿಯಲ್ಲಿದ್ದ ನಾಲ್ಕು ಬಾಳೆಗಳ ತೊಟ್ಟು ಹಿಡಿದು ನೋಡಿ ಬಂದೆ. ಮೂರು ತೆರೆದಿದ್ದವು. ಒಂದು ಮುಚ್ಚಿತ್ತು. ಆ ಮುಚ್ಚಿದ್ದರ ಕಾಯಿಯನ್ನೇ ಆ ಮನೆಯವರು ಭಜಿಗೆ ಬಳಸುತ್ತಿದ್ದರು. ನನಗೆ ಬಹಳ ಖುಷಿಯಾಯಿತು.

ಹಗೇವಿನಲ್ಲಿಟ್ಟ ಸಕ್ಕರೆ

ಇನ್ನು ಮುಖ್ಯ ವಿಷಯ, ಪಿಷ್ಟ.

ಗಿಡ ಬಿಸಿಲಲ್ಲಿ ಎಲೆಯೊಳಗೆ ಸಕ್ಕರೆ ಮಾಡುತ್ತದೆ. ಸಕ್ಕರೆ ನೀರಲ್ಲಿ ಕರಗುವ ವಸ್ತು. ಅದನ್ನು ಹಾಗೇ ಕೂಡಿಡುವುದು ಕಷ್ಟ. ಅದಕ್ಕೆ ಗಿಡ ಸಾವಿರಾರು ಸಕ್ಕರೆ ಕಣಗಳನ್ನು ಸರಪಳಿಯ ಹಾಗೆ ಕೊಂಡಿ ಹಾಕಿ, ಒತ್ತೊತ್ತಾಗಿ ಮಡಚಿ, ಸಣ್ಣ ಕಾಳುಗಳನ್ನಾಗಿ ಮಾಡಿ ಇಡುತ್ತದೆ. ಹಿಂದೆ ನಮ್ಮ ಹಿರಿಯರು ನೆಲದಲ್ಲಿ ಹಗೇವು ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಅದೇ ಕೆಲಸ. ಆ ಕಾಳುಗಳೇ ಪಿಷ್ಟ. ಜೋಳದಲ್ಲಿ, ಬಟಾಟಿಯಲ್ಲಿ, ಬಾಳೆಕಾಯಿಯಲ್ಲಿ ಇರುವುದು ಒಂದೇ ವಸ್ತು. ಕಾಳಿನ ಗಾತ್ರ, ಬಿಗಿ ಮಾತ್ರ ಬೇರೆ ಬೇರೆ. ಹಸಿ ಬಾಳೆಯ ಪಿಷ್ಟದ ಕಾಳು ಬಹಳ ಬಿಗಿ.

ಹಣ್ಣಾಗುವುದು ಅಂದರೆ ಹಗೇವಿನ ಬಾಯಿ ತೆರೆಯುವುದು. ಬಲಿತ ಕಾಯಿ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಆ ಅನಿಲ ಸೋಕಿದ ಕೂಡಲೇ ಕಾಯಿಯೊಳಗಿನ ಕಿಣ್ವಗಳು, ಅಂದರೆ ಇಂಥ ಬದಲಾವಣೆ ಮಾಡಿಸುವ ವಸ್ತುಗಳು, ಸರಪಳಿ ಕಡಿಯಲು ಶುರು ಮಾಡುತ್ತವೆ. ಪಿಷ್ಟ ಸಕ್ಕರೆಯಾಗುತ್ತದೆ. ಒಂದು ಹಣ್ಣಾದರೆ ಪಕ್ಕದ್ದಕ್ಕೂ ಆ ಗಾಳಿ ತಾಗಿ ಇಡೀ ಗೊನೆ ತಿರುಗುತ್ತದೆ. ಅಜ್ಜಿಯರು ಗೊನೆಯನ್ನು ಹೊಟ್ಟಿನಲ್ಲಿ, ಹುಲ್ಲಿನಲ್ಲಿ ಮುಚ್ಚಿ ಅಡಿ ಹಾಕುತ್ತಿದ್ದುದು ಆ ಗಾಳಿ ಹೊರಗೆ ಹೋಗದಿರಲಿ ಅಂತ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಿಸುವುದು ಕಾನೂನಿನಲ್ಲಿ ನಿಷೇಧ.

ಎರಡು ಬಾಳೆಗಳ ದಾರಿ ಇಲ್ಲೇ ಬೇರೆಯಾಗುತ್ತದೆ. ಜಿ-9ನ ಹಸಿ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪಿಷ್ಟ ಇರುತ್ತದೆ. ಪೂರ್ತಿ ಹಣ್ಣಾದಾಗ ಉಳಿಯುವುದು ಒಂದೆರಡು ಗ್ರಾಂ. ಮಿಕ್ಕದ್ದೆಲ್ಲ ಸಕ್ಕರೆ. ನೇಂದ್ರದಂಥ ಬಾಳೆಯಲ್ಲಿ ನೀರು ಕಡಿಮೆ, ಪಿಷ್ಟ ಇನ್ನೂ ಜಾಸ್ತಿ. ಅದು ಸಕ್ಕರೆಯಾಗುವುದೂ ನಿಧಾನ. ಸಿಪ್ಪೆ ಹಳದಿಯಾದ ಮೇಲೂ ತಿರುಳಿನಲ್ಲಿ ಸಾಕಷ್ಟು ಪಿಷ್ಟ ಉಳಿದಿರುತ್ತದೆ. ಅದಕ್ಕೇ ಕೇರಳದಲ್ಲಿ ಹಣ್ಣಾದ ನೇಂದ್ರವನ್ನೂ ಹಬೆಯಲ್ಲಿ ಬೇಯಿಸಿ ತಿನ್ನುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಬಾಳೆ ಮಾಗುವುದು ಒಳಗಿನಿಂದ ಶುರುವಾಗುತ್ತದೆ. ಸಿಪ್ಪೆ ಇನ್ನೂ ಹಸಿರಿದ್ದಾಗಲೇ ತಿರುಳಿನಲ್ಲಿ ಸಕ್ಕರೆ ಹುಟ್ಟಿರುತ್ತದೆ. ನಾನು ಹಬ್ಬಕ್ಕೆ ತಂದದ್ದು ಅಂಥದೇ ಕಾಯಿ. ಹೊರಗೆ ಕಾಯಿ, ಒಳಗೆ ಅರ್ಧ ಹಣ್ಣು. ಎಳಸಾದ, ಗಟ್ಟಿ ಹಸಿರಿನ ಜಿ-9 ಸಿಕ್ಕರೆ ಅದರಿಂದಲೂ ಪಲ್ಯ ಆಗುತ್ತದೆ. ಸುಳ್ಳಲ್ಲ. ಆದರೆ ತಂದ ದಿನವೇ ಮಾಡಬೇಕು. ಮೊಂಥನ್, ಬೂದಿ ಬಾಳೆಯ ಬಳಗ ನಾಲ್ಕು ದಿನ ಬುಟ್ಟಿಯಲ್ಲಿದ್ದರೂ ಕಾಯಿಯಾಗಿಯೇ ಇರುತ್ತದೆ.

ಒಲೆಯ ಮೇಲೆ ಏನಾಗುತ್ತದೆ? ಇದನ್ನು ತಿಳಿಯಲು ನಮಗೆ ಪುಸ್ತಕ ಬೇಡ, ರೊಟ್ಟಿ ಸಾಕು. ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ರೊಟ್ಟಿ ಹರಿಯುತ್ತದೆ. ಕುದಿಯುವ ಎಸರು ಹಾಕಿದರೆ ಹಿಟ್ಟಿಗೆ ಜಿಗಿ ಬರುತ್ತದೆ. ಬಿಸಿಗೆ ಪಿಷ್ಟದ ಕಾಳು ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ಳುತ್ತದೆ. ಆ ಜಿಗಿ ಬರುವುದು ಅದರಿಂದ. ಬಾಳೆಕಾಯಿಯ ಪಿಷ್ಟವೂ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೀಗೇ ಉಬ್ಬುತ್ತದೆ. ಹೋಳಿನೊಳಗಿನ ನೀರನ್ನು ಅದೇ ಹೀರಿಕೊಳ್ಳುವುದರಿಂದ ಹೋಳು ಬೆಂದರೂ ಬಿಗಿಯಾಗಿ, ಹಿಟ್ಟು ಹಿಟ್ಟಾಗಿ ನಿಲ್ಲುತ್ತದೆ. ಪಿಷ್ಟ ಕಡಿಮೆ ಇದ್ದು ಸಕ್ಕರೆ ಸೇರಿದ ಕಾಯಿಯಲ್ಲಿ ನೀರು ಹಿಡಿಯುವವರೇ ಇಲ್ಲ. ಅದು ಕರಗುತ್ತದೆ.

ಬೆಂದ ಪಿಷ್ಟ ಆರಿದಾಗ ಮತ್ತೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ತಂಗಳ ರೊಟ್ಟಿ ಬಿರುಸಾಗುವುದಕ್ಕೆ ಇದೂ ಒಂದು ಕಾರಣ. ಬಾಳೆಕಾಯಿಯನ್ನು ಇಡಿಯಾಗಿ ಕುದಿಸಿ, ಪೂರ್ತಿ ಆರಲು ಬಿಟ್ಟು ಆಮೇಲೆ ತುರಿದರೆ ಉದುರುದುರಾಗಿ ಬರುವ ಗುಟ್ಟು ಇಲ್ಲಿದೆ. ಬಿಸಿ ಇದ್ದಾಗ ತುರಿದರೆ ಅಂಟಂಟು.

ಸೊನೆಯ ಮಾತು ಬಿಡುವ ಹಾಗಿಲ್ಲ. ಬಾಳೆಯ ಸಿಪ್ಪೆಯಲ್ಲಿ, ಕಂಬದಲ್ಲಿ ಸೊನೆ ಹರಿಯುವ ಸಣ್ಣ ನಾಳಗಳಿವೆ. ಆ ಸೊನೆಯಲ್ಲಿ ಒಗರಿನ ಅಂಶ ತುಂಬಿರುತ್ತದೆ. ಗಾಳಿ ತಾಗಿದರೆ ಅದು ಕಪ್ಪಾಗುತ್ತದೆ, ಕಬ್ಬಿಣದ ಚಾಕು ತಾಗಿದರೆ ಇನ್ನೂ ಕಪ್ಪು. ಇಳಕಲ್ ಸೀರೆಯ ಮೇಲೆ ಒಂದು ಹನಿ ಬಿದ್ದರೂ ಆ ಕಲೆ ಜಪ್ಪಯ್ಯ ಅಂದರೂ ಹೋಗದು. ಅದಕ್ಕೇ ಕೈಗೆ ಮೊದಲು ಎಣ್ಣೆ ಸವರಿಕೊಳ್ಳಬೇಕು. ಹೆಚ್ಚಿದ ಹೋಳನ್ನು ನೀರು ಮಜ್ಜಿಗೆಯಲ್ಲಿ ಹಾಕಬೇಕು. ನೀರಿನಲ್ಲಿ ಮುಳುಗಿದರೆ ಗಾಳಿ ತಾಗದು. ಮಜ್ಜಿಗೆಯ ಹುಳಿ, ಕಪ್ಪು ಮಾಡುವ ಕಿಣ್ವದ ಕೈ ಕಟ್ಟುತ್ತದೆ. ನಮ್ಮ ಅತ್ತೆಗೆ ಕಿಣ್ವದ ಹೆಸರು ಗೊತ್ತಿಲ್ಲ, ಮಜ್ಜಿಗೆಯ ಅಳತೆ ಗೊತ್ತು.

ಹುಳಿಗೆ ಇನ್ನೊಂದು ಗುಣ ಇದೆ. ಅದು ತರಕಾರಿ ಬೇಗ ಮೆತ್ತಗಾಗಲು ಬಿಡುವುದಿಲ್ಲ. ಹೋಳು ಗಟ್ಟಿ ನಿಲ್ಲಬೇಕು ಅಂದರೆ ಹುಣಸೆ ರಸ ಮೊದಲೇ ಹಾಕಿ. ಹಿಸುಕುವ ಪಲ್ಯ ಬೇಕಾದರೆ ಬೆಂದ ಮೇಲೆ ಹಾಕಿ. ಕೊನೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ ಉದುರಿಸಿದರೆ ಬಾಳೆಕಾಯಿಯ ಸಪ್ಪೆತನಕ್ಕೆ ಒಂದು ಬಲ ಬರುತ್ತದೆ. ಬಿಸಿ ಜೋಳದ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

ಬೆಳಗಾವಿ ಕಡೆ ಉಪವಾಸಕ್ಕೆ ತಿನ್ನುವ ಬಾಳೆಕಾಯಿ ವೇಫರ್ ಹೊಂಬಣ್ಣದಲ್ಲಿ ಇರುವುದೂ ಪಿಷ್ಟದ ಕೃಪೆ. ಸಕ್ಕರೆ ಇರುವ ಹೋಳು ಕಾದ ಎಣ್ಣೆಯಲ್ಲಿ ಗರಿಗರಿ ಆಗುವ ಮೊದಲೇ ಕೆಂಪಾಗಿ ಸೀದು ಹೋಗುತ್ತದೆ. ಪಿಷ್ಟದ ಹೋಳು ನಿಧಾನವಾಗಿ ನೀರು ಬಿಟ್ಟು ಗರಿಯಾಗುತ್ತದೆ. ಚಿಪ್ಸ್ ಮಾಡುವವರು ನೇಂದ್ರ ಕಾಯಿಯನ್ನೇ ಹುಡುಕುವುದಕ್ಕೆ ಕಾರಣ ಇದು.

ಸಕ್ಕರೆ ಕಾಯಿಲೆ ಇದ್ದವರು ಈ ಬಗ್ಗೆ ಬಹಳ ಕೇಳುತ್ತಾರೆ. ಹಸಿ ಬಾಳೆಯ ಪಿಷ್ಟ ಬೇಗ ಜೀರ್ಣವಾಗದು, ಅದರಲ್ಲಿ ಬಹುಪಾಲು ದೊಡ್ಡ ಕರುಳಿನ ತನಕ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ ಅನ್ನುವುದು ನಿಜ. ಆದರೆ ನಾವು ತಿನ್ನುವುದು ಹಸಿ ಕಾಯಿ ಅಲ್ಲ, ಬೇಯಿಸಿದ್ದು. ಬೇಯಿಸಿದಾಗ ಕಾಳು ಬಿಚ್ಚಿಕೊಂಡು ಬಹಳಷ್ಟು ಜೀರ್ಣವಾಗುತ್ತದೆ. ಆರಿದ ಮೇಲೆ ಸ್ವಲ್ಪ ಭಾಗ ಮತ್ತೆ ಗಟ್ಟಿಯಾಗುತ್ತದೆ, ಅಷ್ಟೇ. ಹಣ್ಣಿಗಿಂತ ಕಾಯಿ ಮೇಲು, ಆದರೆ ಇದು ಔಷಧಿ ಅಲ್ಲ. 100 ಗ್ರಾಂ ಹಸಿ ತಿರುಳಿನಲ್ಲಿ 30 ಗ್ರಾಂಗೂ ಮೇಲೆ ಕಾರ್ಬೋಹೈಡ್ರೇಟ್ ಇರುತ್ತದೆ, ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ. ಹಾಗಾಗಿ ಅದನ್ನು ಸೊಪ್ಪಿನ ಜಾಗದಲ್ಲಿ ಅಲ್ಲ, ಬಟಾಟಿಯ ಜಾಗದಲ್ಲಿ ಲೆಕ್ಕ ಹಾಕಬೇಕು. ಪಲ್ಯ ಜಾಸ್ತಿ ಹಾಕಿಕೊಂಡರೆ ಒಂದು ರೊಟ್ಟಿ ಕಡಿಮೆ ಮಾಡಿ, ಜೊತೆಗೆ ಬೇಳೆ ಅಥವಾ ಕಾಳು ಇರಲಿ. ಪೊಟ್ಯಾಸಿಯಂ ಕೂಡ ಚೆನ್ನಾಗಿದೆ, 100 ಗ್ರಾಂಗೆ 400 ಮಿಲಿಗ್ರಾಂ ಮೇಲೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಬಚ್ಚಲ ನೀರಿನ ಬಾಳೆ

ಬಾಗಲಕೋಟೆ, ವಿಜಯಪುರ ಬಾಳೆಯ ನಾಡಲ್ಲ. ಬಾಳೆ ವರ್ಷಕ್ಕೆ ಸುಮಾರು 1,800 ಮಿಲಿಮೀಟರ್ ಮಳೆಯಷ್ಟು ನೀರು ಕೇಳುತ್ತದೆ. ನಮ್ಮಲ್ಲಿ ಬೀಳುವುದು ಅದರ ಮೂರನೇ ಒಂದು ಪಾಲು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ನೀರು ಸಿಗುವ ಕಡೆ, ಹನಿ ನೀರಾವರಿ ಮಾಡಿದ ಕಡೆ ಜಿ-9 ಚೆನ್ನಾಗಿ ಬರುತ್ತದೆ. ಅದು ಮಾರುಕಟ್ಟೆಯ ಬೆಳೆ. ಎಕರೆಗಟ್ಟಲೆ ಬೇಯಿಸುವ ಬಾಳೆ ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನು ಹೇಳುವುದು ಮನೆಗೆ ಎರಡು ಗಿಡದ ಮಾತು.

ಹಿಂದೆ ಹಳ್ಳಿಯ ಮನೆಗಳಲ್ಲಿ ಬಚ್ಚಲ ನೀರು ಹೋಗುವ ಕಡೆ ಒಂದು ಬಾಳೆ, ಒಂದು ಕೆಸವಿನ ಗುಂಪು ಇರುತ್ತಿತ್ತು. ಅದು ಬಹಳ ಜಾಣತನದ ಏರ್ಪಾಡು. ಬಾಳೆಯ ಬೇರು ಆಳಕ್ಕೆ ಹೋಗುವುದಿಲ್ಲ. ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡುತ್ತದೆ. ದಿನವೂ ಸ್ವಲ್ಪ ಸ್ವಲ್ಪ ನೀರು ಸಿಕ್ಕರೆ ಅದಕ್ಕೆ ಸಾಕು. ಬಚ್ಚಲು ಅದನ್ನು ತಪ್ಪದೆ ಕೊಡುತ್ತದೆ. ಬಿ ಕಡೆಯ ಬಾಳೆ ಆದರೆ ಎರಡು ದಿನ ನೀರು ತಪ್ಪಿದರೂ ಮುಖ ಬಾಡಿಸುವುದು ಕಡಿಮೆ.

ಎರೆ ಭೂಮಿಯಲ್ಲಿ ಒಂದು ಎಚ್ಚರ ಬೇಕು. ಬಾಳೆಗೆ ನೀರು ಬೇಕು, ನಿಂತ ನೀರು ಬೇಡ. ಬೇರಿಗೆ ಗಾಳಿ ಸಿಗದಿದ್ದರೆ ಕೊಳೆಯುತ್ತದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಘಟಪ್ರಭೆ, ಮಲಪ್ರಭೆ, ಕೃಷ್ಣೆಯ ದಂಡೆಯ ಹೊಲಗಳಲ್ಲಿ ನೀರು ದಿನಗಟ್ಟಲೆ ನಿಂತಿದ್ದು ನಮಗೆಲ್ಲ ನೆನಪಿದೆ. ಅಂಥ ನೀರಲ್ಲಿ ಕಬ್ಬು ಕೆಲವು ದಿನ ತಡೆದೀತು, ಬಾಳೆ ತಡೆಯದು. ಹಾಗಾಗಿ ಎರೆ ಮಣ್ಣಾದರೆ ಏರು ಮಡಿ ಮಾಡಿ ನೆಡಬೇಕು. ಮಸಾರಿ ಮಣ್ಣಾದರೆ ಆ ಚಿಂತೆ ಇಲ್ಲ, ಗೊಬ್ಬರ ಮಾತ್ರ ಜಾಸ್ತಿ ಬೇಕು. ಗಾಳಿಗೆ ಅಡ್ಡವಾಗಿ ಗೋಡೆಯೋ ಚೊಗಚೆ ಗಿಡವೋ ಇರಲಿ. ಗಾಳಿಗೆ ಎಲೆ ಸೀಳಿದರೆ ಹೆದರಬೇಡಿ. ಬಾಳೆ ಎಲೆಯ ನರಗಳು ಅಡ್ಡಡ್ಡ ಸಾಲಾಗಿ ಇರುವುದರಿಂದ ಅದು ಸುಲಭವಾಗಿ ಸೀಳುತ್ತದೆ, ಗಾಳಿ ಅದರ ನಡುವೆ ಹಾದು ಹೋಗುತ್ತದೆ. ಸೀಳದೆ ಹಾಯಿಯ ಹಾಗೆ ನಿಂತಿದ್ದರೆ ಇಡೀ ಗಿಡವೇ ಮಗುಚುತ್ತಿತ್ತು. ಊಟಕ್ಕೆ ಇಡೀ ಎಲೆ ಬೇಕಾದವರಿಗೆ ಮಾತ್ರ ಇದು ಬೇಸರ.

ಕಂದು ಆರಿಸುವಾಗ ಬಹಳ ಜನ ತಪ್ಪು ಮಾಡುತ್ತಾರೆ. ಗಿಡದ ಬುಡದಲ್ಲಿ ಎರಡು ಥರದ ಕಂದು ಇರುತ್ತವೆ. ಒಂದಕ್ಕೆ ಅಗಲವಾದ ಚೆಂದದ ಎಲೆ. ಇನ್ನೊಂದಕ್ಕೆ ಕತ್ತಿಯ ಹಾಗೆ ಕಿರಿದಾದ ಎಲೆ. ಅಗಲ ಎಲೆಯದನ್ನೇ ಕೈ ಹಿಡಿಯುತ್ತದೆ. ಆದರೆ ಬೇಕಾದ್ದು ಕತ್ತಿ ಎಲೆಯದು. ಅಗಲ ಎಲೆಯ ಕಂದು ತಾಯಿಯ ಜೊತೆ ನಂಟು ಸಡಿಲ ಮಾಡಿಕೊಂಡಿರುತ್ತದೆ. ಬೇಗ ತಾನೇ ದುಡಿದು ತಿನ್ನಬೇಕಾಗಿ ಬಂದು ಎಲೆ ಅಗಲ ಮಾಡಿಕೊಂಡಿರುತ್ತದೆ, ಗಡ್ಡೆ ಸಣ್ಣದು. ಕತ್ತಿ ಎಲೆಯ ಕಂದು ತಾಯಿಯಿಂದ ಇನ್ನೂ ಉಣ್ಣುತ್ತ ಗಡ್ಡೆಯನ್ನು ದಪ್ಪ ಮಾಡಿಕೊಂಡಿರುತ್ತದೆ. ನೆಟ್ಟರೆ ಅದೇ ಗಟ್ಟಿಯಾಗಿ ಏಳುತ್ತದೆ.

ಬೀಜ ಇಲ್ಲದೆ ಕಂದಿನಿಂದಲೇ ಬೆಳೆಯುವುದಕ್ಕೆ ಒಂದು ಬೆಲೆಯೂ ಇದೆ. ಒಂದು ತೋಟದ ಗಿಡಗಳೆಲ್ಲ ಒಂದೇ ಗಿಡದ ಪಡಿಯಚ್ಚು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ಕಳೆದ ಶತಮಾನದ ನಡುವೆ ಗ್ರೋ ಮಿಷೆಲ್ ಅನ್ನುವ ತಳಿಯನ್ನು ಜಗತ್ತಿನ ವ್ಯಾಪಾರದಿಂದಲೇ ಹೊರಗೆ ಹಾಕಿತು. ಆ ಜಾಗಕ್ಕೆ ಬಂದದ್ದೇ ಕ್ಯಾವೆಂಡಿಷ್. ನಮ್ಮ ರಸಬಾಳೆಯನ್ನು ಹಾಳು ಮಾಡಿದ್ದೂ ಇದೇ ರೋಗ. ಹಾಗಾಗಿ ಕಂದು ತರುವಾಗ ತಾಯಿಯ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತು ಬಿದ್ದಿಲ್ಲ, ಗಡ್ಡೆ ಕೊಯ್ದರೆ ಒಳಗೆ ಕೆಂಪು ಗೆರೆ ಇಲ್ಲ ಅಂತ ನೋಡಿಯೇ ತನ್ನಿ. ಅನುಮಾನ ಇದ್ದರೆ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು ಇದೆ. ನಮ್ಮ ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಹೋಗಿ ಕೇಳಬಹುದು.

ಎರಡು ಗಿಡದ ಗೊನೆ ಒಟ್ಟಿಗೆ ಬಂದರೆ ಏನು ಮಾಡುವುದು? ಇಲ್ಲಿ ನಮ್ಮ ಬಿಸಿಲೇ ನೆರವಿಗೆ ಬರುತ್ತದೆ. 2021ರಲ್ಲಿ ಮಲೆನಾಡು, ಕರಾವಳಿ ಕಡೆ ಬಾಳೆಕಾಯಿ ಹುಡಿ ಮಾಡುವ ಕೆಲಸ ಬಾಕಾಹು ಅನ್ನುವ ಹೆಸರಲ್ಲಿ ಮನೆಮನೆಗೂ ಹಬ್ಬಿತು. ಅಲ್ಲಿ ಮಳೆಗಾಲದಲ್ಲಿ ಒಣಗಿಸಲು ಡ್ರೈಯರ್ ಬೇಕು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಮಾಳಿಗೆ ಸಾಕು. ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಮಜ್ಜಿಗೆ ನೀರಲ್ಲಿ ಅದ್ದಿ, ಬಿಳಿ ಬಟ್ಟೆಯ ಮೇಲೆ ಹರವಿ. ಮುರಿದರೆ ಟಪ್ ಅನ್ನಬೇಕು. ಆಮೇಲೆ ಗಿರಣಿಗೆ. ಐದು ಕಿಲೋ ಕಾಯಿಗೆ ಒಂದು ಕಿಲೋ ಹಿಟ್ಟು ಸಿಗುತ್ತದೆ. ಸಿಪ್ಪೆಯೇ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಗುತ್ತದೆ, ತಿರುಳಿನಲ್ಲಿ ಮೂರನೇ ಎರಡು ಪಾಲು ನೀರು. ನಾಲ್ಕು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಇದನ್ನು ಸೇರಿಸಿ ಎಸರು ಹಾಕಿ ನಾದಿದೆ. ರೊಟ್ಟಿ ಹರಿಯದೆ ಬಂತು. ಬಣ್ಣ ಸ್ವಲ್ಪ ಕಂದು, ರುಚಿ ಹಿತ.

ಸಂತೆಯಲ್ಲಿ ಈಗ ನಾನು “ಬಾಳಿಕಾಯಿ ಕೊಡ್ರಿ” ಅನ್ನುವುದಿಲ್ಲ. “ಭಜಿ ಬಾಳಿಕಾಯಿ ಐತೇನ್ರಿ?” ಅಂತ ಕೇಳುತ್ತೇನೆ. ದಪ್ಪ ಸಿಪ್ಪೆ, ಎದ್ದು ಕಾಣುವ ಏಣು, ಕೈಯಿಂದ ಸುಲಿಯಲು ಬಾರದಷ್ಟು ಬಿಗಿ, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕ. ಇವಿಷ್ಟು ನೋಡಿದರೆ ಸಾಕು.

ಓಣಿಯ ಆ ಮುಚ್ಚಿದ ತೊಟ್ಟಿನ ಬಾಳೆಯ ಕಂದು ಕೇಳಿ ತಂದು ನಮ್ಮ ಬಚ್ಚಲ ಹಿಂದೆ ನೆಟ್ಟಿದ್ದೆ. ಈಗ ಅದಕ್ಕೆ ಗೊನೆ ಬಂದಿದೆ. ಹೂವಿನ ತುದಿ ಒಣಗಿ, ಮುಟ್ಟಿದರೆ ಉದುರುತ್ತಿದೆ. ಕಾಯಿಯ ಏಣು ಇನ್ನೂ ಪೂರ್ತಿ ದುಂಡಗಾಗಿಲ್ಲ. ಪಲ್ಯಕ್ಕೆ ಇದೇ ಹದ, ಮುಕ್ಕಾಲು ಬಲಿತದ್ದು. ಗೊನೆಯನ್ನು ಒಟ್ಟಿಗೆ ಕಡಿಯುವುದು ಬೇಡ ಅಂದರು ಅತ್ತೆ. ಮೇಲಿನ ಚಿಪ್ಪು ಮೊದಲು ಹುಟ್ಟಿದ್ದು, ಮೊದಲು ಬಲಿಯುವುದೂ ಅದೇ. ಕೆಳಗಿನವು ಇನ್ನೂ ಎಳಸು. ಮೇಲಿಂದ ಒಂದೊಂದೇ ಚಿಪ್ಪು ಕೊಯ್ದುಕೊಂಡರೆ ಉಳಿದದ್ದು ಗಿಡದಲ್ಲೇ ಬೆಳೆಯುತ್ತಿರುತ್ತದೆ. ಕೊನೆಯ ಚಿಪ್ಪು ಇಳಿದ ಮೇಲೂ ಕಂಬವನ್ನು ಕೂಡಲೇ ಬುಡಕ್ಕೆ ಕಡಿಯಬಾರದಂತೆ. ಅರ್ಧಕ್ಕೆ ಕಡಿದು ಬಿಟ್ಟರೆ ಅದರಲ್ಲಿ ಉಳಿದ ಸತ್ವ, ನೀರು ಪಕ್ಕದ ಕಂದಿಗೆ ಇಳಿಯುತ್ತದೆ. ನಿನ್ನೆ ಮೊದಲ ಚಿಪ್ಪು ಕೊಯ್ದೆವು. ಹನ್ನೊಂದು ಕಾಯಿ. ಆರನ್ನು ಪಲ್ಯಕ್ಕೆ ಇಟ್ಟುಕೊಂಡು ಐದನ್ನು ಕಂದು ಕೊಟ್ಟ ಮನೆಗೆ ಕೊಟ್ಟು ಬಂದೆ.